ಹೊಳೆಯ ಮೇಲೆ ಅರ್ಧ ಗಂಟೆ

ಹೌಟನ್, ಮಿಷಿಗನ್
೧೮ ಫೆಬ್ರವರಿ ೧೯೦೬, ಭಾನುವಾರ

ಪ್ರೀತಿಯ ಐಲ್ಸಾ ಅಕ್ಕನಿಗೆ, ನಿನ್ನ ತಮ್ಮ ಲಾಕ್ಲನ್ ಮಾಡುವ ನಮಸ್ಕಾರಗಳು.

ನಿನ್ನ ಎರಡು ಕಾಗದಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಎಷ್ಟು ಬೇಕಾದರೂ ಬೈದುಕೋ. ಮೊಣಕಾಲು ಬಾತು ಕುಂಬಳಕಾಯಿಯಾಗಿದೆ. ನಮ್ಮ ಹಾಕಿಯಲ್ಲಿ ಏಳು ಜನ, ಬದಲಿಗೆ ಯಾರೂ ಇಲ್ಲ. ಮಂಜುಗಡ್ಡೆಯ ಮೇಲೆ ಬಿದ್ದರೆ ಎದ್ದು ಆಡಬೇಕು, ಅಷ್ಟೇ. ತಂಡದ ಮ್ಯಾನೇಜರ್ ಗ್ರೋವರ್ ನೋಡಲು ಬಂದಿದ್ದ. ಒಂದು ಆಟ ಬಿಡಲೇ ಎಂದು ಕೇಳಿದೆ.

"ಕಾಲು ನಿಂದಲ್ಲ ಕಣಯ್ಯ, ಮಾರ್ಚ್ ಮುಗಿಯೋ ತನಕ ನಮ್ದು," ಎಂದ. ನಗುತ್ತಲೇ ಅಂದ. ಮರುದಿನ ಆಡಿದೆ.

ಹೆಸರಿಗೆ ನಾನು ತಾಮ್ರದ ಗಣಿಯ ಗುಮಾಸ್ತ. ಲೆಕ್ಕಣಿಕೆ ಹಿಡಿದದ್ದು ಈ ಕಾಗದಕ್ಕೇ ಇರಬೇಕು. ಊಟ ಹಾಕುವ ಟ್ರೆವೆನಾ ಅಮ್ಮನ ಗಂಡ, ಮಕ್ಕಳು ಎಲ್ಲ ನೆಲದಡಿ ದುಡಿಯುವವರು. ಆಟ ಆಡಿದ್ದಕ್ಕೆ ಸಂಬಳ ಎಣಿಸುವ ಗಂಡಸನ್ನು ಈ ಊರಲ್ಲೇ ಕಂಡದ್ದು ಎಂದು ದಿನಾ ಹಂಗಿಸುತ್ತಾಳೆ. ಹಂಗಿಸುತ್ತಲೇ ಇನ್ನೊಂದು ಮಾಂಸದ ಕಡುಬು ಬಡಿಸುತ್ತಾಳೆ.

ತಮ್ಮ ಯೂಅನ್‌ನನ್ನು ಊರ ತಂಡಕ್ಕೆ ಮತ್ತೆ ಸೇರಿಸಿಕೊಂಡರೆಂದು ಓದಿ ಒಬ್ಬನೇ ಕೂತು ಅತ್ತೆ. ಕ್ರಿಸ್‌ಮಸ್‌ಗೆ ಊರಿಗೆ ಬಂದ ನಾನು ಸುಮ್ಮನಿರಬೇಕಿತ್ತು. ಅವನು ಕರೆದ, ನನಗೂ ಆಸೆ. ಅಣ್ಣತಮ್ಮ ಹೆಪ್ಪುಗಟ್ಟಿದ ಹೊಳೆಯ ಮೇಲೆ ಅರ್ಧ ಗಂಟೆ ಆಡಿದೆವು. ಯಾರೋ ನೋಡಿ, ದುಡ್ಡು ಮುಟ್ಟದೆ ಆಡುವವರ ಹಾಕಿ ಸಂಘಕ್ಕೆ ದೂರು ಕೊಟ್ಟರು, ಅವರು ಅವನನ್ನು ತಂಡದಿಂದ ಹೊರಗೆ ಹಾಕಿದರು. ಸಂಬಳಕ್ಕೆ ಆಡಿದವನು ಸಂಘದವರ ಪಾಲಿಗೆ ಸಾಯುವ ತನಕ ಜಾತಿಗೆಟ್ಟವನು, ಅವನ ಜೊತೆ ಆಡಿದವನಿಗೂ ಮೈಲಿಗೆ. "ದೊಡ್ಡೋನು ತಾನು ಕೆಟ್ಟಿದ್ದಲ್ದೆ ಚಿಕ್ಕೋನನ್ನೂ ಕೆಡಿಸ್ದ" ಎಂದು ಅಪ್ಪ ಅಂದದ್ದನ್ನು ನೀನು ಬರೆಯದಿದ್ದರೂ ನಡೆಯುತ್ತಿತ್ತು. ಆದರೆ ಅದರಲ್ಲಿ ಸುಳ್ಳೇನಿದೆ?

ಪಾದ್ರಿಗಳು ಸಂಘಕ್ಕೆ ಬರೆದು ಬಿಡಿಸಿದರೆಂದು ಊರೆಲ್ಲ ಹೊಗಳುತ್ತಿದೆಯಂತೆ. ಹೊಗಳಲಿ ಬಿಡು, ಒಳ್ಳೆಯ ಮನುಷ್ಯ. ಈಸ್ಟರ್‌ಗೆ ಬಾ ಎಂದಿದ್ದೀಯ. ಗಣಿಯವರು ರಜೆ ಕೊಡುವುದಿಲ್ಲ, ಅಪ್ಪನಿಗೆ ಹಾಗೆಯೇ ಹೇಳು. ಅವರ ಎದೆನೋವಿಗೆ ಬೆಚ್ಚಗಿನ ಉಣ್ಣೆ ಬನಿಯನ್ ಕಳಿಸಿದ್ದೇನೆ. ನಾನು ಕಳಿಸಿದ್ದು ಎನ್ನಬೇಡ, ಹಾಕಿಕೊಳ್ಳುವುದಿಲ್ಲ. ನಿನ್ನ ಮಕ್ಕಳಿಗೆ ಮುತ್ತು. ನನ್ನನ್ನು ಹರಸು.

ನಿನ್ನ
ಲಾಕ್ಲನ್

ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಉಳಿಸಿಕೊಂಡದ್ದು: ಯೂಅನ್‌ನನ್ನು ಬಿಡಿಸಿದ್ದು ಪಾದ್ರಿಗಳಲ್ಲ. ಸಂಘದವರು ನನಗೊಂದು ಕಾಗದ ಕಳಿಸಿದ್ದರು. ಅವನು ಆಡುವಷ್ಟು ಕಾಲ ನಾನು ಊರಿಗೆ ಕಾಲಿಡುವುದಿಲ್ಲವೆಂದು ಬರೆದುಕೊಟ್ಟರೆ ಅವನನ್ನು ಸೇರಿಸಿಕೊಳ್ಳುತ್ತೇವೆ ಎಂದಿದ್ದರು. ಸಹಿ ಹಾಕಿ ಕಳಿಸಿದೆ. ಅವನಿಗೆ ಹೇಳಬೇಡ, ಆ ಹುಚ್ಚ ಅಂದೇ ಸ್ಕೇಟು ಬಿಚ್ಚಿಡುತ್ತಾನೆ. ಅವನಿಗಿನ್ನೂ ಹತ್ತೊಂಬತ್ತು, ಹತ್ತು ವರ್ಷವಾದರೂ ಆಡುತ್ತಾನೆ, ಆಡಲಿ. ಅಷ್ಟರೊಳಗೆ ಅಪ್ಪನಿಗೆ ಏನಾದರೂ ಆದರೆ ತಂತಿ ಕೊಡಬೇಡ ಅಕ್ಕ. ಎಲ್ಲ ಮುಗಿದ ಮೇಲೆ ಒಂದು ಕಾಗದ ಹಾಕು.