ಅಂಗೈ ನೋಡಿದರೆ ಎಚ್ಚರ

8 ಜುಲೈ 2025, ಮಂಗಳವಾರ. ಮಧ್ಯಾಹ್ನ 3

ಇವತ್ತೂ ಏನೂ ಆಗಲಿಲ್ಲ. ಉಲ್ಲಾಳದಿಂದ ಬಸವೇಶ್ವರನಗರಕ್ಕೆ ಎರಡು ಬಸ್ಸು. ವಿಜಯನಗರದಲ್ಲಿ ಇಪ್ಪತ್ತು ನಿಮಿಷ ನಿಂತೆ. ಮೇಡಂ ಹತ್ತಿರ ಮುಕ್ಕಾಲು ಗಂಟೆ ಕಣ್ಣು ಮುಚ್ಚಿ ಮಲಗಿದೆ. ಹತ್ತು ಮೆಟ್ಟಿಲು ಇಳಿಯಿರಿ ಅಂದರು, ಇಳಿದೆ. ಕೈ ಭಾರ ಆಗುತ್ತಿದೆ ಅಂದರು, ಆಯಿತು. ಆಮೇಲೆ ಮತ್ತೆ ಎರಡು ಬಸ್ಸು ಹತ್ತಿ ಬಂದು ಅನ್ನಕ್ಕಿಟ್ಟೆ.

ಹಿಪ್ನೋಥೆರಪಿ ಅಂತ ಬೋರ್ಡು. ನನ್ನ ಹತ್ತಿರ ಬ್ಲೌಸ್ ಹೊಲಿಸುವ ಟೀಚರ್ ಹೇಳಿದ್ದು. ಮೇಡಂ ಹೆಸರು ವಿಜಯಶ್ರೀ, ಧಾರವಾಡದ ಕಡೆಯವರು. ಲೂಸಿಡ್ ಡ್ರೀಮ್ ಅನ್ನುತ್ತಾರೆ. ಕನಸು ನಡೆಯುತ್ತಿರುವಾಗಲೇ ಇದು ಕನಸು ಅಂತ ಗೊತ್ತಾಗುವುದು. ಗೊತ್ತಾದರೆ ಅಲ್ಲಿ ಬೇಕಾದವರ ಹತ್ತಿರ ಬೇಕಾದ್ದು ಮಾತಾಡಬಹುದು.

"ದಿನಾ ಇಪ್ಪತ್ತ ಸಲ ಅಂಗೈ ನೋಡ್ಕೋರಿ. ಇದು ಕನಸೋ ಏನೋ ಅಂತ ಕೇಳ್ಕೋರಿ. ರೂಢಿ ಆತಂದ್ರ ಕನಸಿನ್ಯಾಗೂ ನೋಡ್ಕೋತೀರಿ. ಅಲ್ಲಿ ಕೈ ಸರಿ ಇರಂಗಿಲ್ಲ. ಆರು ಬೆರಳು, ಏಳು ಬೆರಳು. ತಕ್ಷಣ ಗೊತ್ತಾಗ್ತೈತಿ."

"ಗೊತ್ತಾದ ಮೇಲೆ?"

"ಯಜಮಾನ್ರನ್ನ ಕರೀರಿ, ಮಾತಾಡ್ರಿ. ಅವರಿಗೆ ಏನ್ ಹೇಳೋದೈತಿ ನಿಮಗ?"

"ಜಗಳ ಬಾಕಿ ಇದೆ."

ಪೆನ್ನು ಕೆಳಗಿಟ್ಟರು. "ಎಲ್ಲಾರೂ ಪ್ರೀತಿ ಮಾತು ಉಳದೈತಿ ಅಂತ ಬರ್ತಾರ್ರೀ."

ಬರಲಿ. ನಾನು ಹೋಗುತ್ತಿರುವುದು ಜಗಳಕ್ಕೇ.

10 ಜುಲೈ

ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮೆಷಿನ್ ಮುಂದೆ ಕೂತಾಗೆಲ್ಲ ಅದೇ ಸುತ್ತುತ್ತದೆ.

ಹೋದ ವರ್ಷ ಅಕ್ಟೋಬರ್ 20. ಮಹದೇವನ ಮಗಳ ಸೀಮಂತ. ಮಹದೇವ ಇವರ ತಮ್ಮ, ನಮ್ಮ ಮೇಲಿನ ಮನೆಯಲ್ಲೇ ಇರುವುದು. ಟೆರೇಸಿನ ಮೇಲೆ ಶಾಮಿಯಾನ, ನಲವತ್ತು ಜನ ಊಟಕ್ಕೆ ಕೂತಿದ್ದರು. ಬಡಿಸುತ್ತಾ ನಾನು ಒಂದು ಮಾತು ಅಂದೆ. ಇವರು ಎಲೆಯಿಂದ ತಲೆ ಎತ್ತದೆ, "ನಿಂಗೇನ್ ಗೊತ್ತು? ಬಾಯ್ ಮುಚ್ಕೊಂಡು ಪಲ್ಯ ಬಡಿಸು" ಅಂದರು. ಮಹದೇವ ನಕ್ಕ. ಅವನು ನಕ್ಕನೆಂದು ಇಡೀ ಸಾಲೇ ನಕ್ಕಿತು.

ಬಾಯಿ ಮುಚ್ಚಿದೆ. ಪಲ್ಯ ಬಡಿಸಿದೆ. ಅವತ್ತಿನಿಂದ ಮಾತು ಬಿಟ್ಟೆ. ಕಾಫಿ ಲೋಟ ಟಕ್ ಅಂತ ಇಡುವುದು, ತಟ್ಟೆ ಟಕ್ ಅಂತ ಇಡುವುದು. ಏನಾದರೂ ಹೇಳುವುದಿದ್ದರೆ ಅತ್ತೆಯ ಮೂಲಕ. ಯಾಕೆ ಹೀಗಿದ್ದೀಯ ಅಂತ ಇವರು ಒಂದು ಸಲ ಕೇಳಲಿ, ಆಗ ಎಲ್ಲ ಹೇಳೋಣ ಅಂತ ಒಳಗೇ ಜೋಡಿಸಿ ಇಟ್ಟುಕೊಂಡಿದ್ದೆ. ಇಪ್ಪತ್ತಮೂರು ದಿನ. ಕೇಳಲೇ ಇಲ್ಲ. ನವೆಂಬರ್ 12ರ ಬೆಳಿಗ್ಗೆ ಶೂ ಕಟ್ಟಿಕೊಂಡು ವಾಕಿಂಗ್ ಹೋದರು. ಕೆರೆ ಏರಿಯ ಮೇಲೆ ಬಿದ್ದರು. ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು. ಹಾರ್ಟು.

ಜಗಳದ ನಡುವೆ ಎದ್ದು ಹೋಗುವುದು ಇವರ ಹಳೇ ಚಾಳಿ. ಆದರೆ ಇಷ್ಟು ದೂರ—

14 ಜುಲೈ

ಗುಂಡಿ ಹಾಕುವಾಗ, ಹಾಲು ಕಾಯಿಸುವಾಗ, ನಲ್ಲಿ ತಿರುಗಿಸುವಾಗ ಅಂಗೈ ನೋಡಿಕೊಳ್ಳುತ್ತಿದ್ದೇನೆ. ಐದೇ ಬೆರಳು. ಎಲ್ಲ ನಿಜ. ಅದೇ ಕಷ್ಟ.

ಅತ್ತೆ ನೋಡಿದರು. "ಏನೇ ಅದು, ಒಂದೇ ಸಮ ಕೈ ನೋಡ್ಕೋತೀಯ? ಗೋರಂಟಿ ಹಾಕಿದ್ಯಾ?"

ಹೇಳಿದೆ. ನಮ್ಮತ್ತೆ ಮುನಿತಾಯಮ್ಮ ಅಂದರೆ ಮುನಿತಾಯಮ್ಮನೇ. ಎಲೆ ಅಡಿಕೆ ಪಕ್ಕಕ್ಕೆ ಒತ್ತಿಕೊಂಡು, "ಸತ್ತೋನ್ನ ಕನಸಿಗೆ ಕರ್ಸಕ್ಕೆ ಟ್ಯೂಷನ್ನಾ? ನಂಗೆ ದಿನಾ ಬತ್ತಾನಲ್ಲ ನನ್ ಮಗ. ಮುದ್ದೆ ಕೇಳ್ತಾನೆ, ತಿಂತಾನೆ, ಹೋಯ್ತಾನೆ" ಅಂದರು.

ಅವರಿಗೆ ದಿನಾ ಬರುತ್ತಾರಂತೆ. ನನಗೆ ಎಂಟು ತಿಂಗಳಲ್ಲಿ ಒಂದು ಸಲವೂ ಇಲ್ಲ. ಸತ್ತ ಮೇಲೂ ಅಮ್ಮನ ಮಗ.

20 ಜುಲೈ, ಭಾನುವಾರ. ಮಧ್ಯಾಹ್ನ 2.40

ಬಂದರು!

ಊಟ ಆದ ಮೇಲೆ ಮೇಡಂ ರೆಕಾರ್ಡ್ ಮಾಡಿಕೊಟ್ಟಿದ್ದನ್ನು ಕಿವಿಗೆ ಹಾಕಿಕೊಂಡು ಮಲಗಿದ್ದೆ. ಇವರು ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಅದೇ ಹಳದಿ ಬನಿಯನ್. ನನಗೆ ನೆನಪಾಯಿತು. ಅಂಗೈ ನೋಡಿದೆ. ಹೆಬ್ಬೆರಳು ಎರಡು. ಕನಸು! ರೀ, ಅನ್ನಬೇಕು ಅಂತ ಬಾಯಿ ತೆರೆದೆ—

ಫ್ಯಾನು. ಗೋಡೆ. ಪಕ್ಕದ ಮನೆಯ ಟಿವಿ.

ಪೇಪರ್ ಕೆಳಗಿಳಿಸಿ ಮುಖ ಕೂಡ ತೋರಿಸಲಿಲ್ಲ.

24 ಜುಲೈ

ಮತ್ತೆ ಬಂದರು. ಅಂಗೈ ನೋಡಿದೆ. ಗೊತ್ತಾಯಿತು. ಎಚ್ಚರವಾಯಿತು. ದಿಂಬು ಎತ್ತಿ ಗೋಡೆಗೆ ಎಸೆದೆ.

29 ಜುಲೈ

ಮತ್ತೆ. ಈ ಸಲ ಹೆಗಲ ಹತ್ತಿರ ಹೋಗಿ ನಿಂತಿದ್ದೆ. ಬೆವರಿನ ವಾಸನೆ ಕೂಡ ಬಂತು. ಅಂಗೈ, ಎಚ್ಚರ. ಮೇಡಂಗೆ ಫೋನ್ ಮಾಡಿದರೆ, "ಗಾಬರಿ ಆಗಬ್ಯಾಡ್ರಿ, ಗಾಬರಿ ಆದ್ರ ಎಚ್ಚರ ಆಗ್ತೈತಿ." ನನಗೆ ಗಾಬರಿ ಇಲ್ಲ. ಸಿಟ್ಟು. ಬದುಕಿದ್ದಾಗ ಎದ್ದು ಹೋದರು, ಈಗ ನನ್ನನ್ನು ಎಬ್ಬಿಸಿ ಕಳಿಸುತ್ತಾರೆ.

5 ಆಗಸ್ಟ್, ಮಂಗಳವಾರ

ತಪ್ಪು ಸಿಕ್ಕಿತು.

ಮೇಡಂ ಹತ್ತು ಮೆಟ್ಟಿಲು ಇಳಿಸಿದ ಮೇಲೆ ಕೇಳಿದರು, "ಅಂಗೈ ನೋಡಿದ್ರಿ. ಈಗೇನ್ ಮಾಡ್ತೀರಿ?" ನನ್ನ ಬಾಯಿಂದ ತಾನಾಗಿ ಬಂತು. "ಏಳ್ತೀನಿ."

"ಯಾಕ್ ಏಳ್ತೀರಿ?"

"ಅಂಗೈ ನೋಡಿದ ಮೇಲೆ ಏಳಬೇಕಲ್ಲ."

ಕಣ್ಣು ಬಿಟ್ಟೆ. ಮೇಡಂ ಹಣೆ ಹೊಡೆದುಕೊಂಡರು. "ಅಯ್ಯ ಶಿವನ! ಬೆಳಿಗ್ಗೆ ಕೈ ಉಜ್ಜಿ, ಅಂಗೈ ನೋಡಿ ಏಳೋರೇನ್ ನೀವು?"

ಐದು ವರ್ಷದವಳಿದ್ದಾಗ ನಮ್ಮಮ್ಮ ಕಲಿಸಿದ್ದು. ನಲವತ್ತೆರಡು ವರ್ಷ ಒಂದು ದಿನವೂ ತಪ್ಪಿಸಿಲ್ಲ. ಇವರು ಹೋದ ಮಾರನೆಯ ಬೆಳಿಗ್ಗೆ ಕೂಡ ನೋಡಿಕೊಂಡೇ ಎದ್ದೆ. ಅಂಗೈ ಅಂದರೆ ಏಳು ಅಂತ ಅರ್ಥ ನನ್ನ ಮೈಗೆ.

"ನಾನೂ ಹಂಗ ಏಳೋದ್ರೀ! ಇಂಗ್ಲಿಷ್ ಪುಸ್ತಕದಾಗ ಬರದದ್ದನ್ನ ಹಂಗ ಹೇಳಿಬಿಟ್ಟೆ. ಅವರು ಯಾರ್ ಅಂಗೈ ನೋಡಿ ಏಳ್ತಾರ!" ನಕ್ಕರು. ನನಗೆ ನಗು ಬರಲಿಲ್ಲ. ಮೂರು ಸಲ ಕೈಗೆ ಸಿಕ್ಕಿ ತಪ್ಪಿಹೋದ ಮನುಷ್ಯ.

ಇನ್ನು ಮೇಲೆ ಅಂಗೈ ಬೇಡ, ಅಳತೆ ಟೇಪು. ನನ್ನ ಕೊರಳಲ್ಲೇ ಇರುತ್ತದೆ. ಒಂದು ಸಲ ನೋಡಿ, ಮತ್ತೊಂದು ಸಲ ನೋಡುವುದು. ಕನಸಿನಲ್ಲಿ ಅಂಕಿ ನಿಲ್ಲುವುದಿಲ್ಲವಂತೆ.

ಹೊರಡುವಾಗ ಕೇಳಿದರು. "ಆವತ್ತ ಸೀಮಂತದ ಊಟದಾಗ ನೀವು ಅಂದಿದ್ದರ ಏನ್ರೀ?"

ಬಸ್ಸಿಗೆ ಹೊತ್ತಾಯಿತು ಅಂತ ಬಂದುಬಿಟ್ಟೆ.

23 ಆಗಸ್ಟ್, ಶನಿವಾರ

ಹದಿನೆಂಟು ದಿನ ಈ ಡೈರಿ ತೆಗೆದಿಲ್ಲ. ಹಬ್ಬದ ಹೊಲಿಗೆ ಇತ್ತು ಅಂತ ಹೇಳಿಕೊಳ್ಳಬಹುದು. ಅದಲ್ಲ.

ಅವತ್ತು ನಾನು ಅಂದಿದ್ದು ಇಷ್ಟು. "ಇವ್ರಿಗೆ ಮೆಟ್ಲು ಹತ್ತಿದ್ರೆ ಉಸಿರು ಸಿಗ್ತಿಲ್ಲ. ಮಾವನವ್ರಿಗೂ ಹಿಂಗೇ ಆಗ್ತಿತ್ತಲ್ವಾ, ಒಂದ್ಸಲ ಡಾಕ್ಟ್ರಿಗೆ ತೋರಿಸ್ಬೇಕು." ಮಾವ ಕೆಂಚಪ್ಪನವರು ಐವತ್ತೆರಡಕ್ಕೆ ಹೊಲದಲ್ಲೇ ಬಿದ್ದು ಹೋದವರು. ಇವರಿಗೆ ಐವತ್ತಮೂರು.

ನಿಂಗೇನ್ ಗೊತ್ತು ಅಂದರು. ನನಗೆ ಗೊತ್ತಿತ್ತು.

ಇನ್ನೊಂದು ಇದೆ. ನವೆಂಬರ್ 9ರಂದು ಇವರು ಸೋಫಾದಲ್ಲಿ ಕೂತು ಎಡತೋಳು ಒತ್ತಿಕೊಳ್ಳುತ್ತಿದ್ದರು. ಬಹಳ ಹೊತ್ತು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ. ಕೇಳಬೇಕು ಅನ್ನಿಸಿತು. ನಾನೇ ಮೊದಲು ಮಾತಾಡಿದರೆ ಸೋತ ಹಾಗೆ ಅಂತಲೂ ಅನ್ನಿಸಿತು. ಒಳಗೆ ಹೋಗಿ ಪಾತ್ರೆ ತೊಳೆದೆ. ಜೋರಾಗಿ ಸದ್ದು ಮಾಡಿ ತೊಳೆದೆ.

ಯಾರಿಗೂ ಹೇಳಿಲ್ಲ. ಅತ್ತೆಗೆ ಹೇಳಿಲ್ಲ. ಈಗ ಇಲ್ಲಿ ಬರೆದೆ.

ಅವರ ಮೇಲೆ ಎಷ್ಟು ಸಿಟ್ಟಿದೆಯೋ—

2 ಸೆಪ್ಟೆಂಬರ್, ಮಂಗಳವಾರ. ಬೆಳಿಗ್ಗೆ 6.10

ಆಯಿತು. ಈಗಲೇ ಬರೆಯಬೇಕು.

ಇವರು ಹೊಸ್ತಿಲ ಮೇಲೆ ಕೂತು ಶೂ ಕಟ್ಟಿಕೊಳ್ಳುತ್ತಿದ್ದರು. ಟೇಪು ನೋಡಿದೆ, 34. ಮತ್ತೆ ನೋಡಿದೆ, 71. ಮತ್ತೆ ನೋಡಿದರೆ 9. ಗೊತ್ತಾಯಿತು. ಎಚ್ಚರವಾಗಲಿಲ್ಲ! ನಿಂತೆ. ಎಲ್ಲ ಹಾಗೇ ಇತ್ತು, ಶೂ ಪಾಲಿಶ್ ವಾಸನೆ, ಗೇಟಿನ ಕಿರ್ರ್ ಸದ್ದು.

ಜೋಡಿಸಿ ಇಟ್ಟುಕೊಂಡಿದ್ದೆನಲ್ಲ, ಸೀಮಂತದ್ದು, ಅದಕ್ಕೂ ಹಿಂದಿನದು, ಇಪ್ಪತ್ತಾರು ವರ್ಷದ್ದು, ಅದೊಂದೂ ಬರಲಿಲ್ಲ. "ವಾಕಿಂಗ್ ಬೇಡ ರೀ. ಡಾಕ್ಟ್ರ ಹತ್ರ ಹೋಗೋಣ, ನಡೀರಿ" ಅಂದೆ.

"ಸರಿ, ನಡಿ" ಅಂದರು.

ಅಷ್ಟು ಬೇಗ. ಎದ್ದು ನಿಂತರು. ಮಗುವಿನ ಹಾಗೆ ಹಿಂದೆ ಬಂದರು. "ತಪ್ಪಾಯ್ತು ಲತಾ" ಅಂದರು.

ಲತಾ! ಇಪ್ಪತ್ತಾರು ವರ್ಷದಲ್ಲಿ ಈ ಮನುಷ್ಯ ನನ್ನ ಹೆಸರು ಹಿಡಿದು ಕರೆದಿಲ್ಲ. 'ಏ' ಅನ್ನುವುದು, 'ಇವ್ಳೇ' ಅನ್ನುವುದು. ತಪ್ಪಾಯ್ತು ಅನ್ನುವ ಮಾತು ಮೋಹನ್ ಕುಮಾರರ ಬಾಯಲ್ಲಿ ಬಂದದ್ದೇ ಇಲ್ಲ. ಇದು ಇವರಲ್ಲ. ನಾನೇ ಅಳತೆ ತೆಗೆದು, ನಾನೇ ಕತ್ತರಿಸಿ ಹೊಲಿದ ಗಂಡ. ಎಲ್ಲೂ ಬಿಗಿ ಇಲ್ಲ, ಸರಿಯಾಗಿ ಕೂರುತ್ತಿದೆ.

ಎಲ್ಲಿಂದ ಬಂತೋ ಸಿಟ್ಟು. "ಬರಲ್ಲ ಅನ್ರೀ! ಒಂದ್ಸಲ ಬರಲ್ಲ ಅನ್ರೀ! ಬೈರಿ ನನ್ನ!"

"ನೀನ್ ಹೇಳ್ದಂಗೇ" ಅಂದರು. ನಗುತ್ತಾ.

ಹೊಡೆದೆ. ಎರಡೂ ಕೈಯಲ್ಲಿ ಎದೆಗೆ ಹೊಡೆದೆ. ನಗುತ್ತಲೇ ಇದ್ದರು. ನನ್ನ ಕೂಗಿಗೆ ನನಗೇ ಎಚ್ಚರವಾಯಿತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ನೀರು ತಂದುಕೊಟ್ಟು ಹೋದರು.

3 ಸೆಪ್ಟೆಂಬರ್

ಮೇಡಂಗೆ ಫೋನ್ ಮಾಡಿದೆ.

"ಭಾಳ ಚಲೋ ಆತಲ್ರೀ! ತಪ್ಪಾತು ಅಂದ್ರಲ್ಲ!"

"ಅಂದದ್ದು ಅವರಲ್ಲ ಮೇಡಂ. ನಾನು."

ಮೇಡಂ ಮೆತ್ತಗೆ, "ಹೌದ್ರಿ. ಅಲ್ಲಿ ಎಲ್ಲಾರೂ ನೀವ" ಅಂದರು.

ಇದನ್ನು ಮೊದಲೇ ಹೇಳಬಾರದಿತ್ತೇ? ಒಳ್ಳೆಯ ಹೆಂಗಸು. ಆದರೂ ಹೇಳಬೇಕಿತ್ತು. ರೆಕಾರ್ಡಿಂಗ್ ಡಿಲೀಟ್ ಮಾಡಿದೆ. ಇನ್ನು ಹೋಗುವುದಿಲ್ಲ. ಅಲ್ಲಿ ಹೋದರೆ ನಾನೇ ಕೇಳಬೇಕು, ನಾನೇ ಹೂಂ ಅನ್ನಬೇಕು.

6 ಸೆಪ್ಟೆಂಬರ್, ಶನಿವಾರ. ಬೆಳಿಗ್ಗೆ 9.50

ಮಹದೇವನಿಗೆ ಐವತ್ತೊಂದು. ಅಪ್ಪ ಹೋದರು, ಅಣ್ಣ ಹೋದರು, ಇವನೊಬ್ಬ ಉಳಿದಿದ್ದಾನೆ. ಹತ್ತು ತಿಂಗಳಿಂದ ಈ ಲೆಕ್ಕ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟಿಲ್ಲ. ನನಗಂತೂ ಹಟ. ನಕ್ಕವನು, ಅವನಿಗೆ ನಾನೇಕೆ ಹೇಳಲಿ.

ಏಳೂವರೆಗೆ ಮೇಲೆ ಹೋದೆ. ಇಡ್ಲಿ ತಿನ್ನುತ್ತಿದ್ದ.

"ಏಳು ಮಹದೇವ. ಎದೆ ತೋರಿಸ್ಕೊಂಡು ಬರೋಣ."

"ಯಾರ ಎದೆ ಅತ್ತಿಗೆ?"

"ನಿಂದು."

"ನಂಗೇನಾಗಿದೆ? ಗುಂಡ್ಕಲ್ಲು ಇದ್ದಂಗಿದೀನಿ."

"ನಿಮ್ಮಣ್ಣನೂ ಹಂಗೇ ಇದ್ರು."

"ಬೆಳಿಗ್ ಬೆಳಿಗ್ಗೇನೇ ಅಪಶಕುನ ನುಡೀಬೇಡಿ. ನಾನ್ ಬರಲ್ಲ. ಬರಲ್ಲ ಅಂದ್ರೆ ಬರಲ್ಲ."

ಬರಲ್ಲ ಅಂದ! ನಾನು ಹೇಳಿಸದೆ ಅಂದ. ಇಡ್ಲಿ ಮುರಿಯುತ್ತಾ, ನನ್ನ ಮುಖ ಕೂಡ ನೋಡದೆ, ಥೇಟ್ ಇವರ ಹಾಗೆ. ಹತ್ತು ತಿಂಗಳಾದ ಮೇಲೆ ಒಬ್ಬ ನಿಜವಾದ ಮನುಷ್ಯ ನನಗೆ ಎದುರು ಮಾತಾಡಿದ.

ಶುರು ಮಾಡಿದೆ. ಈ ಬೀದಿಯಲ್ಲಿ ನನ್ನ ದನಿ ಯಾರೂ ಕೇಳಿಲ್ಲ, ಇವತ್ತು ಎದುರು ಮನೆಯವರು ಕಿಟಕಿ ತೆಗೆದರು. "ಅವತ್ತು ಹಲ್ ಕಿಸಿದ್ಯಲ್ಲ ನೀನು? ನೀನ್ ನಗದೇ ಇದ್ದಿದ್ರೆ ಇನ್ನೊಂದ್ಸಲ ಹೇಳ್ತಿದ್ದೆ ನಾನು! ಎಳ್ಕೊಂಡ್ ಹೋಗ್ತಿದ್ದೆ ಅವ್ರನ್ನ!"

ಅವನ ಕೈಯಲ್ಲಿದ್ದ ಚೂರು ತಟ್ಟೆಗೆ ಬಿತ್ತು. "ಅಣ್ಣ ಅಂದನಲ್ಲ ಅಂತ ನಕ್ಕೆ ಅತ್ತಿಗೆ... ಅಷ್ಟೇ..."

"ನಾನೂ ಅವ್ರು ಅಂದ್ರಲ್ಲ ಅಂತಾನೇ ಸುಮ್ನಾದೆ. ತೋಳು ಒತ್ಕೋತಿದ್ರು. ನೋಡ್ಕೊಂಡು ಸುಮ್ನಿದ್ದೆ ಕಣೋ."

ಅಂದುಬಿಟ್ಟೆ. ಅವನ ಮುಂದೆ, ಅವನ ಹೆಂಡತಿಯ ಮುಂದೆ. ಅತ್ತೆ ಮೆಟ್ಟಿಲ ಕೆಳಗೇ ಇದ್ದರು. ಕೇಳಿಸಿರಲೇಬೇಕು. ಕೆಳಗಿನಿಂದ ಅತ್ತೆಯ ದನಿ, "ಹೋಗೋ ಮಾದೇವ. ಇವತ್ತು ಬಿಡಾಕಿಲ್ಲ ಅವ್ಳು. ಬಿಡಲೂಬಾರ್ದು."

ಹಾಸ್ಪಿಟಲ್ಲಿಗೆ ಫೋನ್ ಮಾಡಿದೆ. ಹನ್ನೊಂದಕ್ಕೆ ಬನ್ನಿ ಅಂದರು.

10.25

ಮಹದೇವನ ಮನೆ ಬಾಗಿಲಲ್ಲೇ ಕೂತು ಬರೆಯುತ್ತಿದ್ದೇನೆ. ಸ್ನಾನಕ್ಕೆ ಹೋಗಿದ್ದಾನೆ. ಬಚ್ಚಲಿನಿಂದಲೇ ಕೂಗುತ್ತಿದ್ದಾನೆ, ಸ್ನಾನ ಮಾತ್ರ ಮಾಡ್ತಿರೋದು ಅತ್ತಿಗೆ, ಬರಲ್ಲ ನಾನು, ನಿಮಗೆ ತಲೆ ಕೆಟ್ಟಿದೆ ಅಂತ. ನಾನೂ ಇಲ್ಲಿಂದಲೇ ಕೂಗುತ್ತಿದ್ದೇನೆ. ಆಟೋದವನು ಹಾರ್ನ್ ಹೊಡೆಯುತ್ತಿದ್ದಾನೆ. ನೀರಿನ ಸದ್ದು ನಿಂತಿತು. ಚಿಲಕ ತೆಗೆಯುತ್ತಿಲ್ಲ. ಮಹದೇವ, ಬಾಗಿಲು ತೆಗೀತೀಯೋ ಇಲ್ಲ ನಾನೇ—