ಕೊನೆಗೂ ಒಡೆಯಿತು

ರಾಮನಗರ, ೧೬-೩-೧೯೯೪

ಪ್ರೀತಿಯ ಅಕ್ಕ,

ಒಡೆದ ಮನಸ್ಸು ಕೂಡದು ಎನ್ನುವ ಗಾದೆಯಲ್ಲಿ ಜೊತೆಗೆ ಬರುವುದು ಒಡೆದ ಮುತ್ತೋ, ಒಡೆದ ಹಾಲೋ? ಅಮ್ಮ ಹೇಳುತ್ತಿದ್ದದ್ದು ಅರ್ಧ ಮರೆತಿದೆ. ಯಾವುದೇ ಇರಲಿ, ಒಡೆಯುವುದೆಲ್ಲ ಕೆಡುಕೆಂದು ಯಾರು ಹೇಳಿದರು?

ಮೊಸರಿನ ಬ್ಯಾಕ್ಟೀರಿಯಾದಿಂದ ನಾನು ಬೇರ್ಪಡಿಸುವ ಕಿಣ್ವ ಹಾಲಿನ ಸಕ್ಕರೆಯನ್ನು ಒಡೆಯಬೇಕು. ಮೂರು ಸಲವೂ ಶುದ್ಧ ಮಾಡುವಷ್ಟರಲ್ಲಿ ಅದು ಸತ್ವ ಕಳೆದುಕೊಂಡಿತ್ತು. ಈ ಸಲವೂ ಹಾಗಾಗಿದ್ದರೆ, ನಲವತ್ತೆಂಟನೇ ವಯಸ್ಸಿನಲ್ಲಿ ಹಿಡಿದ ಓದು ಬಿಟ್ಟು ಊರಿಗೆ ಬರುವವಳಿದ್ದೆ. ಇವತ್ತು ಶುದ್ಧ ಮಾಡಿದ ಕಿಣ್ವದ ಒಂದು ತೊಟ್ಟು ಹಾಕಿದೆ. ನೀರಿನಂತಿದ್ದ ಪರೀಕ್ಷೆಯ ದ್ರಾವಣ ನೋಡನೋಡುತ್ತ ಇಲ್ಲಿನ ರೇಷ್ಮೆಗೂಡಿನ ಹಾಗೆ ಹಳದಿಯಾಯಿತು. ಹಳದಿಯಾಯಿತೆಂದರೆ ಒಡೆಯಿತೆಂದೇ ಅರ್ಥ. ಕಿಣ್ವ ಬದುಕಿದೆ, ನಾನೂ ಬದುಕಿದೆ.

ಹೊರಗೆ ಉರಿಬಿಸಿಲು, ಕೆಲಸ ಮಾತ್ರ ಶೀತಲ ಕೋಣೆಯಲ್ಲಿ, ನೆಗಡಿ ಹಿಡಿದಿದೆ. ನನ್ನ ಬೂದು ಸ್ವೆಟರ್ ಪಾರ್ಸೆಲ್ ಮಾಡು.

ನಿನ್ನ ಗಿರಿಜ

ಅಂಚಿನಲ್ಲಿ ಇದಿಷ್ಟು: ಪಕ್ಕದ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ರೋಶನ್ ಬೀ ದಿನವೂ "ಒಡೀತಾ ಅಮ್ಮಾ?" ಎಂದು ಕೇಳುತ್ತಿದ್ದರು. ಇವತ್ತು "ಒಡೀತು!" ಎಂದು ಕೂಗಿ ಹೇಳಿದೆ. ಈಗ ಚೊಂಬು ತುಂಬ ಹಾಲು ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ: "ಹೋಗ್ಲಿ ಬುಡಿ ಅಮ್ಮಾ, ಬ್ಯಾಸ್ರ ಮಾಡ್ಕೋಬ್ಯಾಡಿ. ನಿಮ್ ಹಾಲು ಒಡೀದೇ ಇರ್ಲಿ ಅಂತ ಮೂರ್ ತಿಂಗ್ಳಿಂದ ದುವಾ ಮಾಡ್ತಾನೇ ಇದ್ದೆ!"