ಫ್ಯಾಕ್ಸ್ ಕಾಲಂ ತೆಗೆದ ಮೇಲೆ

ಮಾರ್ಚ್ 3, ಸೋಮವಾರ
ಇವತ್ತೂ ಅದೇ, ಆಸ್ಪತ್ರೆಯ ಡೇಟಾಬೇಸ್ ಗುಡಿಸುವ ಕೆಲಸ. ರೋಗಿಗಳ ಟೇಬಲ್ಲಿನಲ್ಲಿ ತೊಂಬತ್ತೊಂದು ಕಾಲಂ. ಒಂದು ಫ್ಯಾಕ್ಸ್ ನಂಬರಿಗೆ. ಈಗ ಯಾರ ಮನೆಯಲ್ಲಿದೆ ಫ್ಯಾಕ್ಸು? ತೆಗೆಯಲು ಮೈಗ್ರೇಷನ್, ಅಂದರೆ ಟೇಬಲ್ಲಿನ ರಚನೆ ಬದಲಿಸುವ ಆದೇಶ, ಬರೆದೆ — ಎರಡೇ ಸಾಲು. ಕವಿತೆಯಲ್ಲಿ ಬೇಡದ ಪದ ಹೊಡೆದುಹಾಕಿದಂಥ ಸುಖ. ನಮ್ಮ ಟೀಮ್ ಲೀಡ್‌ಗೆ ತೋರಿಸಿದೆ. ಎಲ್ಲದಕ್ಕೂ ಒಂದೇ ಮಾತಾದ್ದರಿಂದ ಅವನಿಗೆ ಆಫೀಸಿನಲ್ಲಿ 'ಆಗೋಯ್ತು' ಎಂದೇ ಹೆಸರು. ಫೈಲು ತೆರೆಯಲೂ ಇಲ್ಲ. "ಆಗೋಯ್ತು ಮೇಡಂ, ಓಡಿಸಿ." ಓಡಿಸಿದೆ.

ಮಾರ್ಚ್ 5, ಬೆಳಗ್ಗೆ 10
ಹೆಡ್ ನರ್ಸ್ ಫೋನು.
"ಮೇಡಂ, ನಮ್ಮ ಫ್ಯಾಕ್ಸ್ ಎಲ್ಲೋಯ್ತು?"
"ನಿಮ್ಮಲ್ಲಿ ಮೆಷಿನ್ನೇ ಇಲ್ವಲ್ಲ ಸಿಸ್ಟರ್."
"ಮೆಷಿನ್ ಯಾರಿಗೆ ಬೇಕು? ಯಾರಿಗೆ ಯಾವ ಔಷಧಿ ಆಗಿಬರಲ್ಲ ಅಂತ ಒಂಬತ್ತು ವರ್ಷದಿಂದ ಅಲ್ಲೇ ಬರೀತಿದ್ವಿ. ಬೇರೆ ಜಾಗ ಕೊಟ್ಟಿದ್ರಾ ನೀವು?"
ಕೊಟ್ಟಿರಲಿಲ್ಲ.
ಇವತ್ತು ಬೆಳಗ್ಗೆ ಒಬ್ಬ ನಿವೃತ್ತ ಮೇಷ್ಟ್ರಿಗೆ ಪೆನಿಸಿಲಿನ್ ಕೊಡಲು ಸೂಜಿ ಸಿದ್ಧವಾಗಿತ್ತಂತೆ. ಸಿಸ್ಟರ್‌ಗೆ ಅವರ ಮುಖದ ಗುರುತಿತ್ತು, ಹಾಗಾಗಿ ಬಚಾವು.
"ನಂಗಾದ್ರೂ ಎಷ್ಟು ಮುಖ ನೆನಪಿರುತ್ತೆ ಮೇಡಂ?"

ಅದೇ ದಿನ, ಸಂಜೆ
ಮೈಗ್ರೇಷನ್ ಹಿಂದಕ್ಕೆ ತಿರುಗಿಸಿದೆ. ಕಾಲಂ ಬಂತು — ಖಾಲಿ. ಗೋಡೆ ವಾಪಸ್ಸು ಬಂತು, ಬರಹ ಬರಲಿಲ್ಲ. ಭಾನುವಾರಕ್ಕೊಮ್ಮೆ ತೆಗೆಯುವ ಬ್ಯಾಕಪ್ಪೇ ಗತಿ. ಆಗೋಯ್ತುವಿಗೆ ಬೈಯಬೇಕೆನಿಸಿತು. ನಾನಾದರೂ ಒಳಗೆ ಇಣುಕಿದ್ದೆನೇ?

ಮಾರ್ಚ್ 9
ಸಾವಿರದ ಇನ್ನೂರು ಟಿಪ್ಪಣಿ ಮರಳಿದವು. "ಸಲ್ಫಾ — ಮೈಯೆಲ್ಲ ದದ್ದು." "ಅಯೋಡಿನ್ — ಉಸಿರು ಕಟ್ಟುತ್ತೆ." ಇಷ್ಟು ಬಿಗಿಯಾದ ಸಾಲುಗಳನ್ನು ಇತ್ತೀಚಿನ ಯಾವ ಸಂಕಲನದಲ್ಲೂ ಓದಿಲ್ಲ. 'ಅಲರ್ಜಿ' ಎಂದೇ ಹೊಸ ಕಾಲಂ ಮಾಡಿ ಎಲ್ಲವನ್ನೂ ಅಲ್ಲಿಗೆ ಸಾಗಿಸಿದೆ. ಅಮ್ಮ: "ನಾಲ್ಕು ದಿನ ಆಯ್ತು ಕಣೆ, ತಟ್ಟೆ ಮುಂದೆ ಕೂತಿರ್ತೀಯ, ನೀನು ಮಾತ್ರ ಇಲ್ಲಿಲ್ಲ."

ಮಾರ್ಚ್ 12
ಮುಂದಿನದು ಪೇಜರ್ ಕಾಲಂ. ಈ ಸಲ ಒಳಗೆ ನೋಡಿದೆ. ಒಂದಕ್ಷರವಿಲ್ಲ. ಮೈಗ್ರೇಷನ್ ಬರೆದು ಲೀಡ್‌ಗೆ ಕಳಿಸಿದೆ: 24ರ ಸೋಮವಾರ ಓಡಿಸೋಣ, ಅದಕ್ಕೆ ಮುಂಚೆ ನಾನು ಇನ್ನೊಮ್ಮೆ ನೋಡುತ್ತೇನೆ.

ಮಾರ್ಚ್ 21, ಶುಕ್ರವಾರ, ಮಧ್ಯಾಹ್ನ 12
ಮತ್ತೆ ಸಿಸ್ಟರ್.
"ಹೊಸ ಜಾಗ ಚೆನ್ನಾಗಿದೆ ಮೇಡಂ. ಆದ್ರೆ ಎರಡು ಅಲರ್ಜಿ ಇದ್ದೋರಿಗೆ ಸಾಲಲ್ಲ."
"ಹೇಳೋದಲ್ವಾ ಸಿಸ್ಟರ್!"
"ಹೇಳಿದ್ರೆ ಮೂರು ತಿಂಗಳು ಅಂತೀರಿ. ಈ ಸೋಮವಾರದಿಂದ ಎರಡನೇದನ್ನ ಪೇಜರ್‌ನಲ್ಲಿ ಬರೀತಿದ್ದೀವಿ. ಖಾಲಿ ಬಿದ್ದಿತ್ತಲ್ಲ."
ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಆದರೂ ಸಮಯಕ್ಕೆ ಸರಿಯಾಗಿ ಹೇಳಿದರಲ್ಲ. ತಡೆಯುತ್ತೇನೆ ಅಂದು ಫೋನಿಟ್ಟೆ. ಲೀಡ್‌ನನ್ನು ಕರೆಯಲು ತಲೆ ಎತ್ತಿದರೆ ಅವನೇ ಕುರ್ಚಿ ಉರುಳಿಸಿಕೊಂಡು ಬಂದ, ಮುಖದ ತುಂಬ ನಗು.
"ಸೋಮವಾರದವರೆಗೂ ಯಾಕೆ ಅಂತ ಪೇಜರ್‌ದು ನಾನೇ ಓಡಿಸ್ಬಿಟ್ಟೆ ಮೇಡಂ. ಆಗೋಯ್ತು."
ಮೊದಲ ಬಾರಿಗೆ ನಿಜವಾಗಿಯೂ ಆಗಿತ್ತು.
ಕೊನೆಯ ಬ್ಯಾಕಪ್ ಭಾನುವಾರದ್ದು. ಅವರು ಬರೆಯತೊಡಗಿದ್ದು ಸೋಮವಾರ. ಈಗ ಫೋನೆತ್ತಿ ಕೇಳಬೇಕು — ಸಿಸ್ಟರ್, ಐದು ದಿನದ್ದು ನಿಮಗೆ ಎಷ್ಟು ಮುಖ ನೆನಪಿದೆ?